ಬೊಜ್ಜಿನೊಳಗಿನ ಕಾವಲು

ಹಾವೇರಿಯ ಡಾಕ್ಟರು ನನ್ನ ರಕ್ತಪರೀಕ್ಷೆಯ ವರದಿ ನೋಡಿ, "ಶುಗರ್ ಹೊಸ್ತಿಲಿಗೆ ಬಂದ್ ನಿಂತೈತ್ರಿ. ತೂಕ ಇಳಿಸ್ರಿ," ಎಂದರು. ಚಿಕ್ಕಂದಿನಿಂದ ದಪ್ಪಗಿರುವ ನನಗೆ ಈ ಮಾತು ಹೊಸದಲ್ಲ. ರಾಣೆಬೆನ್ನೂರಿನ ನಮ್ಮ ಸೀರೆ ಅಂಗಡಿಗೆ ಬರುವ ಗಿರಾಕಿಗಳೂ ಸೆರಗು ನೋಡುತ್ತಾ ನೋಡುತ್ತಾ ನನಗೆ ಪಥ್ಯ ಹೇಳಿ ಹೋಗುತ್ತಾರೆ. ಆದರೂ ಊರಿಗೆ ಮರಳುವ ಬಸ್ಸು ಹತ್ತಿದಾಗ ಮನಸ್ಸು ಸಪ್ಪಗಾಗಿತ್ತು.

ಜೊತೆಗೆ ಅಕ್ಕನ ಮಗಳಿದ್ದಳು. ಪುಣೆಯ ಒಂದು ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುವ ಹುಡುಗಿ, ರಜೆಗೆ ಬಂದಿದ್ದಳು. ಮಾತು ಬದಲಿಸೋಣವೆಂದು, "ಇಷ್ಟ್ ವರ್ಷದಿಂದ ಅದೇನ್ ಓದಾಕತ್ತೀಯವ್ವಾ?" ಎಂದು ಕೇಳಿದೆ.

"ಬೊಜ್ಜು, ಚಿಗವ್ವಾ."

ನಾನು ಕಿಟಕಿಯ ಕಡೆ ತಿರುಗಿದೆ. ಅವಳು ನಗುತ್ತಾ ನನ್ನ ತೋಳು ಹಿಡಿದು ಹೇಳತೊಡಗಿದಳು. ಬೊಜ್ಜೆಂದರೆ ಸುಮ್ಮನೆ ಬಿದ್ದಿರುವ ಚೀಲವಲ್ಲವಂತೆ. ರೋಗದ ವಿರುದ್ಧ ಹೋರಾಡುವ ಜೀವಕೋಶಗಳು ಅದರೊಳಗೂ ವಾಸವಾಗಿದ್ದು, ಸತ್ತ ಕೋಶಗಳನ್ನು ನುಂಗಿ ಸ್ವಚ್ಛ ಮಾಡುತ್ತಾ ತಣ್ಣಗಿರುತ್ತವಂತೆ. ಕೊಬ್ಬಿನ ಕೋಶಗಳು ವಿಪರೀತ ಉಬ್ಬಿ, ಕೆಲವು ಸಾಯತೊಡಗಿದರೆ, ರಕ್ತದಿಂದ ಇನ್ನಷ್ಟು ಕಾವಲು ಕೋಶಗಳು ಬಂದು ಆ ಸತ್ತವುಗಳ ಸುತ್ತ ಗುಂಪುಗಟ್ಟುತ್ತವಂತೆ.

"ಗಾಯ ಆದ್ರ ಬರ್ತಾವ, ಕೆಲಸ ಮುಗಿಸಿ ಹೋಗ್ತಾವ. ಇಲ್ಲಿ ಲಗೂನ ಹೋಗೂದಿಲ್ಲ. ಸಣ್ಣಗ ಉರಿ ಎಬ್ಬಿಸಿ ಕುಂದರ್ತಾವ. ಆಮ್ಯಾಲ ಇನ್ಸುಲಿನ್ ಮಾತು ಮೈ ಸರಿಯಾಗಿ ಕೇಳೂದಿಲ್ಲ, ಶುಗರ್ ಏರತೈತಿ."

ಮುಂದಿನ ಸೀಟಿನಲ್ಲಿ ನನ್ನಷ್ಟೇ ಮೈಯುಳ್ಳ ಹೆಂಗಸೊಬ್ಬಳು ಪೂರ್ತಿ ಹಿಂದಕ್ಕೆ ತಿರುಗಿದ್ದಳು. "ಹಂಗಾರ ಅವು ನಮ್ಮ ವೈರಿಗಳೇನವಾ?" ಎಂದಳು.

"ಅಲ್ರಿ, ನಮ್ಮವೇ. ಕಾಯಾಕಂತ ಬಂದಿರ್ತಾವ."

"ಮತ್ತ ಸಮಾಧಾನ ಮಾಡೂದು ಹೆಂಗ?"

"ದಿನಾ ನಡೀರಿ. ತೂಕ ಭಾಳ ಇಳೀದಿದ್ರೂ ಉರಿ ಕಡಿಮಿ ಆಗಬಹುದು. ಇಳದ್ರಂತೂ ಇನ್ನೂ ಚಲೋ."

ಟಿಕೆಟ್ ಹರಿಯುತ್ತಿದ್ದ ಕಂಡಕ್ಟರು ತನ್ನ ಹೊಟ್ಟೆ ಸವರಿಕೊಂಡು, "ನಮ್ಮ ಹೊಟ್ಟ್ಯಾಗೂ ಅದಾವೇನ್ರಿ?" ಎಂದರು. ಬಸ್ಸೆಲ್ಲ ನಕ್ಕಿತು. ತೆಳ್ಳಗಿದ್ದವರಲ್ಲೂ ಇರುತ್ತವೆ ಎಂದು ಅಕ್ಕನ ಮಗಳು ಹೇಳಿದಾಗ, ನಗುತ್ತಿದ್ದ ತೆಳ್ಳನೆಯ ಮುದುಕರೊಬ್ಬರು ಗಂಭೀರವಾದರು. ಮುಂದಿನ ಸೀಟಿನವಳು ತಾನಿಳಿಯಬೇಕಿದ್ದ ಮೋಟೆಬೆನ್ನೂರು ಬರುವ ಮುಂಚೆಯೇ, "ಇಲ್ಲೇ ಇಳಿಸ್ರಿ, ನಡಕೊಂಡ ಹೊಕ್ಕೇನಿ," ಎಂದು ಇಳಿದೇಬಿಟ್ಟಳು.

ನಾನೂ ನಗುತ್ತಿದ್ದೆ. ನನ್ನ ಹೊಟ್ಟೆಯನ್ನು ಯಾವಾಗಲೂ ಸೆರಗಿನಡಿ ಮುಚ್ಚಿಟ್ಟುಕೊಂಡವಳು ನಾನು. ಅಲ್ಲೂ ನನಗಾಗಿ ದುಡಿಯುವ ಜೀವಗಳಿವೆ, ಪಾಪ, ದಾರಿ ತಪ್ಪಿ ದಣಿದಿವೆ ಅನ್ನಿಸಿ, ಮೊದಲ ಸಲ ಈ ಮೈಮೇಲೆ ಅಕ್ಕರೆ ಬಂತು.

ಮರುದಿನದಿಂದ ಅಕ್ಕನನ್ನೂ ಎಬ್ಬಿಸಿ ಬೆಳಿಗ್ಗೆ ನಡೆಯತೊಡಗಿದೆ. ಊಟದಲ್ಲಿ ಅನ್ನ ಇಳಿಸಿ ಪಲ್ಯ, ಕಾಳು ಏರಿಸಿದೆ. ಕೆಲವು ತಿಂಗಳ ನಂತರ ಶುಗರ್ ಹಿಂದೆ ಸರಿಯಿತು. ಮೈ ಮಾತ್ರ ಇಳಿದದ್ದು ಸ್ವಲ್ಪವೇ.

ಮೊನ್ನೆ ಬ್ಯಾಡಗಿಯ ಮದುವೆಯಲ್ಲಿ ನಾದಿನಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ವೈನಿ, ಇನ್ನೂ ಹಂಗ ಅದೀರಲ್ಲ," ಎಂದಳು.

"ಹೊರಗ ಹಂಗ ಅದೇನಿ. ಒಳಗಿಂದು ಹೇಳ್ತೇನಿ, ಕುಂದ್ರು," ಎಂದು ಕುರ್ಚಿ ಎಳೆದೆ. ನಾನು ಹೇಳಿ ಮುಗಿಸುವಷ್ಟರಲ್ಲಿ ಸುತ್ತ ಐದಾರು ಹೆಂಗಸರು ಕೂಡಿದ್ದರು. ಊಟಕ್ಕೆ ಕರೆ ಬಂದರೂ ಯಾರೂ ಏಳಲಿಲ್ಲ.