ಮಾವನ ಎರಡು ಮೈಕು

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನನ್ನ ಮದುವೆ ಗೊತ್ತಾಗಿತ್ತು. ಸೋದರಮಾವ ಶಿಕಾರಿಪುರದ ನಮ್ಮ ಮನೆಗೆ ಟೇಪ್ ರೆಕಾರ್ಡರು ಹೊತ್ತು ತಂದ. ಶಿರಾಳಕೊಪ್ಪದಲ್ಲಿ ಅವನದು ಬಟ್ಟೆ ಅಂಗಡಿ. ಬಟ್ಟೆಗಿಂತ ಅಂಗಡಿಯೊಳಗಿನ ರೇಡಿಯೋ ಮೇಲೇ ಅವನಿಗೆ ಪ್ರೀತಿ. ಈಗ ಎರಡು ಮೈಕು ಬೇರೆ: ಪೆಟ್ಟಿಗೆಯ ಜೊತೆಗೇ ಬಂದ ಅಗ್ಗದ್ದೊಂದು, ಬೆಂಗಳೂರಿನಿಂದ ತರಿಸಿದ ತುಸು ದುಬಾರಿಯದೊಂದು. ರೇಡಿಯೋದವರ ಬಳಿ ಇರುವಂಥದು ತನ್ನ ಕೈಗೆಟುಕದೆಂದು ಅವನೇ ಒಪ್ಪಿಕೊಂಡ. ಬಾಳಿನಲ್ಲಿ ಅವನು ಒಪ್ಪಿಕೊಂಡ ಸೋಲು ಅದೊಂದೇ.

ಮದುಮಗಳನ್ನು ಹಸೆಗೆ ಕೂರಿಸುವಾಗಿನ ಹಾಡನ್ನು ಮೊದಲೇ ಹಿಡಿದಿಟ್ಟು ಮದುವೆಯ ದಿನ ಕೇಳಿಸಬೇಕೆಂದು ಅವನ ಆಸೆ. ಯಾವ ಮೈಕು ವಾಸಿ ಎಂದು ಪರೀಕ್ಷೆ ಶುರುವಾಯಿತು. ಅಮ್ಮ, ಚಿಕ್ಕಮ್ಮ ಹೊಲದಾಚೆಯವರನ್ನು ಕೂಗುವ ದನಿಯಲ್ಲಿ ಹಾಡಿದರು. ಅಗ್ಗದ್ದರಲ್ಲಿ ಇಬ್ಬರೂ ಡಬ್ಬಿಯೊಳಗೆ ಸಿಕ್ಕಿಬಿದ್ದವರಂತೆ ಕೇಳಿಸಿದರು. ದುಬಾರಿಯದರಲ್ಲಿ ಹಾಡಿಗಿಂತ ಅವರ ಬಳೆಗಳೇ ಜೋರು.

"ಬಳೆ ತೆಗೆದಿಟ್ಟು ಹಾಡಕ್ಕ," ಎಂದ ಮಾವ ಅಮ್ಮನಿಗೆ.

"ಮದುವೆ ಮನೇಲಿ ಬಾಯಿಗೆ ಬಂದಂಗೆ ಮಾತಾಡಬ್ಯಾಡ!" ಎಂದು ಅಪ್ಪನ ತಾಯಿ, ನನ್ನಜ್ಜಿ, ಗದರಿದಳು.

ಅಪ್ಪನ ತಂಗಿ, ನನ್ನ ಅತ್ತೆ, ಮೂಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಗಂಡ ತೀರಿಕೊಂಡು ತವರಿಗೆ ಬಂದು ಹತ್ತು ವರ್ಷ; ಶುಭಕಾರ್ಯಗಳಲ್ಲಿ ಅವಳು ಹಾಡುವುದು ನಿಂತೂ ಅಷ್ಟೇ ವರ್ಷ. ಅದಕ್ಕೆ ಮೊದಲು ಗಂಡನೂರಿನ ಕೇರಿಯಲ್ಲಿ ಯಾವ ಹಸೆ ಹಾಡೂ ಅವಳಿಲ್ಲದೆ ಶುರುವಾಗುತ್ತಿರಲಿಲ್ಲವಂತೆ. ಇಲ್ಲಿಗೆ ಬಂದ ಮೇಲೆ ನನ್ನನ್ನು ಹಾಡಿ ಮಲಗಿಸಿ ಬೆಳೆಸಿದವಳು ಅವಳು. ಅವಳ ದನಿಯಿಲ್ಲದೆ ಹಸೆ ಏರಬೇಕಲ್ಲ ಎಂದು ನನಗೆ ಸಂಕಟ.

"ಇದೇನು ಮದುವೆ ಅಲ್ಲ, ಮೈಕಿನ ಪರೀಕ್ಷೆ. ನೀ ಹಾಡತ್ತೆ," ಎಂದೆ. ಅಜ್ಜಿ ಬೇಡವೆನ್ನದೆ ಮುಖ ಆಚೆ ತಿರುಗಿಸಿದಳು. ಅತ್ತೆ ಒಂದೊಂದು ಮೈಕಿಗೆ ಒಂದೊಂದು ಸಲ ಹಾಡಿದಳು.

ಮಾವ ಮೊದಲು ಅಗ್ಗದ್ದನ್ನು ಕೇಳಿಸಿದ. ಹೆತ್ತವಳಾದ ಅಜ್ಜಿಗೇ ಮಗಳ ದನಿ ಗುರುತು ಹತ್ತಲಿಲ್ಲ. ಎರಡನೆಯದರಲ್ಲಿ ಅತ್ತೆ ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಮಾವ ತೊಡೆ ತಟ್ಟಿದ. "ನೋಡ್ರೀ, ಎಷ್ಟು ಸ್ವಚ್ಛ ಐತೆ! ಮದುವೆ ದಿನ ಇದನ್ನೇ ಹಾಕ್ತೀನಿ. ಒಂದು ಬಳೆ ಸದ್ದಿಲ್ಲ!"

ಹೇಳಿದ ಮೇಲೆ ಅವನಿಗೆ ಹೊಳೆಯಿತು. ಗುಂಡಿ ಒತ್ತಿ ಪೆಟ್ಟಿಗೆ ನಿಲ್ಲಿಸಿದ. ಅತ್ತೆ ಮೊರ ಎತ್ತಿಕೊಂಡು ಒಳಗೆ ಹೋದಳು.

"ಹಾಕೋದೇ ಆದ್ರೆ ಆ ಡಬ್ಬಿ ದನೀದು ಹಾಕು," ಎಂದಳು ಅಜ್ಜಿ. "ಯಾರು ಹಾಡಿದ್ದು ಅಂತ ಯಾರಿಗೂ ತಿಳಿಯಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಚೆನ್ನಾಗಿರೋದು ಹಾಕದಿದ್ರೆ ನಾ ಹಸೆಗೇ ಬರಲ್ಲ!" ಎಂದೆ. ಅಜ್ಜಿ ಮೂರು ದಿನ ನನ್ನೊಡನೆ ಮಾತು ಬಿಟ್ಟಳು. ಹೊತ್ತುಹೊತ್ತಿಗೆ ಹಾಲು ಮಾತ್ರ ತಪ್ಪದೆ ಕಳಿಸುತ್ತಿದ್ದಳು. ಮದುಮಗಳು ಸೊರಗಿದರೆ ಬೀಗರೇನೆಂದಾರು!

ಮದುವೆಯ ದಿನ ನಾನು ಹಸೆಯ ಮೇಲೆ ಕೂತೆ. ಮಾವ ಯಾರ ಮುಖವನ್ನೂ ನೋಡದೆ ದುಬಾರಿ ಮೈಕಿನದನ್ನೇ ಹಾಕಿದ. ಚಪ್ಪರದ ಹೆಂಗಸರು ಪೆಟ್ಟಿಗೆಯತ್ತ ತಿರುಗಿದರು. ಸೊರಬದಿಂದ ಬಂದ ವರನ ತಾಯಿ ಕಿವಿಗೊಟ್ಟು ಕೇಳಿ, "ಎಂಥ ಚಂದ ಹಾಡಿದಾರೆ! ಯಾರ್ರೀ ಇವರು?" ಎಂದರು. ಅಪ್ಪ ನೆಲ ನೋಡಿದ.

ಅಜ್ಜಿ ಸೆರಗು ಸರಿಮಾಡಿಕೊಂಡಳು. "ನನ್ ಮಗಳು ಕಣ್ರೀ," ಎಂದಳು. "ಅಡಿಗೆಮನೇಲಿ ಅದಾಳೆ."

ಅತ್ತೆ ಬಾಗಿಲಿಗೆ ಬಂದು, ತನ್ನ ಹಾಡು ಮುಗಿಯುವ ತನಕ ಅಲ್ಲೇ ನಿಂತಳು. ಒಳಗೆ ಹೋಗೆಂದು ಯಾರೂ ಹೇಳಲಿಲ್ಲ.