ಕೈಗೆ ಸವರಿಕೊಂಡ ಎಣ್ಣೆ

ಜಯಪುರದ ನಮ್ಮ ಶೆಡ್ಡಿನಲ್ಲಿ ಗ್ಲೌಸಿನ ಪೆಟ್ಟಿಗೆಯೂ ಇತ್ತು, ಕೊಬ್ಬರಿ ಎಣ್ಣೆಯ ಬಾಟಲಿಯೂ ಇತ್ತು. ಖಾಲಿಯಾಗುತ್ತಿದ್ದದ್ದು ಬಾಟಲಿ. ಹಲಸಿನಹಣ್ಣು ಬಿಡಿಸುವಾಗ ಅಂಟು ಹತ್ತದಿರಲೆಂದು ಕೈಗೆ ಎಣ್ಣೆ ಸವರಿಕೊಂಡೇ ಬೆಳೆದವರು ನಾವು. ಮರದ ಬಿರುಕಿಗೆ ಹೊಯ್ಯುವ ಎಪಾಕ್ಸಿ ರಾಳವೂ ಅಂಥದೇ ಅಂಟು ಎಂದುಕೊಂಡೆವು. ಕೆಲಸ ಮುಗಿದ ಮೇಲೆ ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಕೈ ಒರೆಸಿಕೊಂಡರೆ ಆಯಿತು. ಎಣ್ಣೆ ಎಪಾಕ್ಸಿಯನ್ನು ತಡೆಯುವುದಿಲ್ಲ, ಥಿನ್ನರ್ ಚರ್ಮವನ್ನು ಇನ್ನಷ್ಟು ಕೆಡಿಸುತ್ತದೆ ಎಂಬುದನ್ನು ರಸಾಯನಶಾಸ್ತ್ರದ ಪದವಿ ಪಡೆದ ನಾನೂ ತಡವಾಗಿ ಓದಿಕೊಂಡೆ.

ಶೆಡ್ಡು ಇಬ್ಬರದು. ಒಂದು ಬದಿಯಲ್ಲಿ ಬಡಗಿ ಆಚಾರ್ರು ಬಾಗಿಲು, ಕಿಟಕಿ, ಮಂಚ ಮಾಡುತ್ತಿದ್ದರು. ಇನ್ನೊಂದು ಬದಿಯಲ್ಲಿ ನಾನು ಬಿರುಕುಬಿಟ್ಟ ಹಲಗೆಗಳಿಗೆ ಎಪಾಕ್ಸಿ ಹೊಯ್ದು ಹೋಂಸ್ಟೇಗಳಿಗೆ ಮೇಜು ಮಾಡುತ್ತಿದ್ದೆ. ಹೊಯ್ಯುವಾಗ ಹಲಗೆ ಹಿಡಿಯಲು ಅವರು ಬರುತ್ತಿದ್ದರು. ಮೊದಲು ಅವರ ಬೆರಳ ಸಂದಿ ಕೆಂಪಾಯಿತು, ಆಮೇಲೆ ಮುಂಗೈ ಒಡೆದು ನೀರು ಒಸರಿತು. ಉಳಿ ಹಿಡಿಯಲು ಆಗದಂತಾದಾಗ ಕೊಪ್ಪದ ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದೆ.

"ಯಾವಾಗಿಂದ ಇದು?" ಎಂದು ಡಾಕ್ಟರು ಕೇಳಿದರು.

"ಈ ಮಳೆಗಾಲದಿಂದ," ಎಂದರು ಆಚಾರ್ರು.

"ಅದಕ್ಕೂ ಮುಂಚೆ," ಎಂದೆ ನಾನು. "ಮೆಣಸೆ ಊರಿನ ಆ ಮನೆಗೆ ಬಾಗಿಲು ಕೂರಿಸುವಾಗಲೇ ತುರಿಸ್ಕೊಳ್ತಿದ್ರಲ್ಲ?"

"ನಾ ಎಲ್ಲಿ ಮೆಣಸೆಗೆ ಬಂದಿದ್ದೆ ಮಾರಾಯ್ರೆ? ಜ್ವರ ಬಂದು ಮಲಗಿದ್ದೆ. ನೀವೊಬ್ರೇ ಹೋಗಿ ಬಾಗ್ಲು ಓರೆ ಕೂರ್ಸಿ ಬಂದ್ರಿ. ಬೈಗುಳ ತಿಂದಿದ್ದು ಮಾತ್ರ ನಾನು!"

ಆ ಬಾಗಿಲಿನ ಪಕ್ಕ ನಿಂತು ಅವರು ಕೈ ಕೆರೆದುಕೊಳ್ಳುತ್ತಿದ್ದದ್ದು ನನಗೆ ಈಗಲೂ ಕಾಣುತ್ತದೆ. ಆದರೆ ಅವರ ಮಾತು ಕೇಳಿದ ಮೇಲೆ ಬಾಗಿಲು ಓರೆಯಾಗಿಯೂ ಕಾಣುತ್ತದೆ. ಎರಡರಲ್ಲಿ ಯಾವುದನ್ನು ನಂಬುವುದೋ ತಿಳಿಯದು. ಬೇರೆಯವರು ಹೇಳುವುದನ್ನೆಲ್ಲ ಅನುಮಾನಿಸುವ ನನಗೆ ನನ್ನ ನೆನಪನ್ನೂ ಅನುಮಾನಿಸಿ ಸಾಕಾಗಿದೆ.

ಡಾಕ್ಟರಿಗೆ ತಾರೀಕು ಮುಖ್ಯವಾಗಿರಲಿಲ್ಲ. ಮೈಗೆ ಎಪಾಕ್ಸಿ ಒಮ್ಮೆ ಆಗದು ಎಂದಾದರೆ ಮತ್ತೆ ಒಗ್ಗುವುದಿಲ್ಲ, ಇನ್ನು ಹತ್ತಿರ ಹೋಗಬೇಡಿ ಎಂದು ಮುಲಾಮು ಬರೆದುಕೊಟ್ಟರು.

ಕೈ ವಾಸಿಯಾಗಿ ಆಚಾರ್ರು ಮರಳಿ ಬಂದರು. ಎಪಾಕ್ಸಿ ಮುಟ್ಟಲಿಲ್ಲ. ನಾನು ಗ್ಲೌಸು, ಮಾಸ್ಕು ಎಲ್ಲ ಹಾಕಿಕೊಂಡು ಒಂದು ಮೇಜನ್ನು ಉಜ್ಜಿ ನಯ ಮಾಡಲು ಸ್ಯಾಂಡಿಂಗ್ ಮಷಿನ್ ಹಿಡಿದೆ. ಥಂಡಿಯಲ್ಲಿ ಎಪಾಕ್ಸಿ ಮೇಲೆ ಗಟ್ಟಿಯಾಗಿತ್ತು, ಒಳಗೆ ಪೂರ್ತಿ ಆಗಿರಲಿಲ್ಲ. ಪುಡಿ ಶೆಡ್ಡಿನ ತುಂಬ ಹಾರಿತು. ಮಾರನೆಯ ಬೆಳಿಗ್ಗೆ ಅವರ ರೆಪ್ಪೆಗಳು ಊದಿ ಕಣ್ಣು ಮುಚ್ಚಿಹೋಗಿದ್ದವು.

"ನಂಗೆ ಮರ ಬಿಟ್ರೆ ಬೇರೆ ಎಂತ ಗೊತ್ತುಂಟು?" ಎಂದರು. ಸಿಟ್ಟಿರಲಿಲ್ಲ.

ಆ ಶೆಡ್ಡಿನಲ್ಲಿ ಇಬ್ಬರಲ್ಲಿ ಒಬ್ಬರೇ ಇರಬಹುದಿತ್ತು. ನಾನು ಮೇಜು ಬಿಟ್ಟು ಇನ್ನೇನಾದರೂ ಮಾಡಿಯೇನು, ಅವರಿಗೆ ಮರವೇ ಎಲ್ಲ; ಹೊರಡಬೇಕಾದವನು ನಾನೇ. ಡಬ್ಬಗಳನ್ನೂ ಮಷಿನನ್ನೂ ನರಸಿಂಹರಾಜಪುರದಲ್ಲಿರುವ ಅಕ್ಕನ ಮನೆಯ ಕಾರ್ ಶೆಡ್ಡಿಗೆ ಸಾಗಿಸಿದೆ. ಜಯಪುರದ ಗೋಡೆ, ಜಂತಿ, ಕಿಟಕಿಯ ಸರಳು ಎಲ್ಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆ ಎಷ್ಟು ಹಿಂಡಿದರೂ ಬಿಳಿ ನೀರು ಬರುತ್ತಿತ್ತು.

ಈಗ ಮೇಜು ಮಾಡುವುದು ಅಕ್ಕನ ಮನೆಯಲ್ಲೇ; ಹಲಗೆಗಾಗಿ ಬಸ್ಸು ಬದಲಿಸುತ್ತ ಜಯಪುರಕ್ಕೆ ಹೋಗುತ್ತೇನೆ. ಸೀಟಿನಲ್ಲೇ ನಿದ್ದೆ ಬರುತ್ತದೆ. ಹೊಸಿಲ ಹತ್ತಿರ ಹೋದರೆ ಸಾಕು, ಆಚಾರ್ರು ಒಳಗಿಂದಲೇ ಕೂಗುತ್ತಾರೆ:

"ಅಲ್ಲೇ ನಿಲ್ಲಿ! ಅಂಗಿ ಬದಲಿಸಿದ್ರಾ? ನಂಗೀಗ ಮಡಿ ಮಾರಾಯ್ರೆ, ಶೃಂಗೇರಿ ಭಟ್ರಿಗಿಂತ ಜಾಸ್ತಿ!"

ಬದಲಿಸಿದ್ದೇನೆ ಎನ್ನುತ್ತೇನೆ. ಆದರೂ ಒಳಗೆ ಹೋಗುವುದಿಲ್ಲ. ಅವರು ಹಲಗೆಯನ್ನು ಬಾಗಿಲಾಚೆ ನೂಕಿ ಮತ್ತೆ ಕೆಲಸಕ್ಕೆ ತಿರುಗುತ್ತಾರೆ. ಅವರ ಕೈ ಒಣಗಿ ನೆಟ್ಟಗಿದೆಯೇ ಎಂದು ಅಂಗಳದಿಂದಲೇ ನೋಡಿ, ಹಲಗೆ ಹೊತ್ತು ಬಸ್‌ಸ್ಟ್ಯಾಂಡಿನ ಕಡೆ ನಡೆಯುತ್ತೇನೆ.