ನಾಲ್ಕು ಕಾಲಿನ ಕೋಳಿ

ಅಟ್ಲಾಂಟಾದಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಕೋಳಿಯದು. ತೊಂಬತ್ತರ ದಶಕದ ನಡುವಿನ ಮಾತು. ಮೈಸೂರಿಗೆ ಬರೆದ ಕಾಗದದಲ್ಲಿ ‘ಆಹಾರ ಪದಾರ್ಥಗಳ ಬೆಲೆಯ ಅಧ್ಯಯನ’ ಎಂದು ಜಾಣತನದಿಂದ ಬರೆದಿದ್ದೆ. ಕೇಕಿಗೆ ಮೊಟ್ಟೆ ಹಾಕಿದ್ದಾರೆಯೇ ಎಂದು ಮೂರು ಸಲ ಕೇಳಿ, ಇಲ್ಲವೆಂದರೂ ತಿನ್ನದ ಮನೆ ನಮ್ಮದು. ಸಂಖ್ಯಾಶಾಸ್ತ್ರ ಓದಿದವಳಿಗೆ ಕೋಳಿಯಾದರೇನು, ಕುಂಬಳಕಾಯಿಯಾದರೇನು ಎಂಬ ಜಂಬ ನನಗಿತ್ತು. ಆ ಜಂಬ ಇಳಿಯಲು ಆರು ತಿಂಗಳು ಸಾಕಾಯಿತು.

ಕೆಲಸ ಕೊಟ್ಟವರು ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದ ಮೈಸೂರಿನವರು. ಅರವತ್ತರ ದಶಕದ ಕೊನೆಯಲ್ಲಿ ಬಂದು ನೆಲೆಸಿದವರು. ಊರಿನ ಕನ್ನಡದವರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಜಾರ್ಜಿಯಾ ಮತ್ತು ಎರಡು ಕೆರೊಲೈನಾಗಳ ಸಣ್ಣ ಹೋಟೆಲಿನವರು ಒಟ್ಟಾಗಿ ಕೋಳಿ ಕಂಪನಿಗಳ ಮೇಲೆ ದಾವೆ ಹೂಡಿದ್ದರು. ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ದರ ಏರಿಸಿವೆ ಎಂಬುದು ಅವರ ಆರೋಪ. ಒಬ್ಬೊಬ್ಬರೇ ಹೋದರೆ ಬಾಗಿಲಲ್ಲೇ ಸುಸ್ತಾಗುವ ಜನ, ಒಂದೇ ಕ್ಲಾಸ್ ಆಕ್ಷನ್ ಕೇಸಿನಲ್ಲಿ ಸಾವಿರಗಟ್ಟಲೆ ಸೇರಿದ್ದರು. ಹಾಗೆ ಆಗಿದ್ದರೆ ಅವರಿಗೆ ಬಿದ್ದ ಹೊರೆ ಎಷ್ಟು ಎಂದು ಲೆಕ್ಕ ಹಾಕಿ ಹೇಳಬೇಕಾದ ತಜ್ಞರು ನಮ್ಮ ಮೇಷ್ಟ್ರು. ಹುಟ್ಟಿದಾಗಿನಿಂದ ಕೋಳಿಯನ್ನು ಬೇಲಿಯಾಚೆಯಿಂದಷ್ಟೇ ಕಂಡವರು.

ಅವರ ಹೆಂಡತಿ ಇನ್ನೂ ಕಟ್ಟುನಿಟ್ಟು. ಕೋಳಿಯ ಚಿತ್ರವಿರುವ ಕಾಗದ ಒಂದೂ ಹೊಸ್ತಿಲು ದಾಟಬಾರದೆಂದು ಅಪ್ಪಣೆಯಾಗಿತ್ತು. ಹೀಗಾಗಿ ಕೇಸಿನ ಪೆಟ್ಟಿಗೆಗಳೆಲ್ಲ ಗರಾಜಿಗೆ ಬಂದವು, ಕಾರು ರಸ್ತೆಗೆ ಹೋಯಿತು. ಹುಲ್ಲು ಕತ್ತರಿಸುವ ಯಂತ್ರದ ಪಕ್ಕದಲ್ಲಿ ಮಡಚುವ ಮೇಜು ಹಾಕಿಕೊಂಡು ನಾವಿಬ್ಬರೂ ಕೂತು ಕೆಲಸ ಮಾಡುತ್ತಿದ್ದೆವು. ಮಧ್ಯಾಹ್ನ ಆಂಟಿ ಮೊಸರನ್ನ ಕೊಡುವಾಗ ಕೈ ತೊಳೆದಿರಾ ಎಂದು ಕೇಳುವರು. ಬರಿ ಕಾಗದ ಮುಟ್ಟಿದ್ದಕ್ಕೆ!

ಕೆಲವು ಕಂಪನಿಗಳ ಮಾರಾಟದ ದಾಖಲೆ ಅರ್ಧಂಬರ್ಧ ಇತ್ತು. ಅಲ್ಲೆಲ್ಲ ಕಂಪನಿ ಕಡಿದ ಕೋಳಿಗಳ ಸಂಖ್ಯೆ ಹಿಡಿದು, ನಾವು ಒಂದು ಕೋಳಿಯಿಂದ ಯಾವ ಭಾಗ ಎಷ್ಟು ಬರುತ್ತದೆ ಎಂದು ಅಂದಾಜು ಮಾಡಬೇಕಿತ್ತು. ಕೈಪಿಡಿಯೊಂದನ್ನು ನೋಡಿ ನಾನು ಪಟ್ಟಿ ಮಾಡಿದೆ: ಎದೆ, ರೆಕ್ಕೆ, ಲೆಗ್ ಕ್ವಾರ್ಟರ್, ತೊಡೆ, ಡ್ರಮ್‌ಸ್ಟಿಕ್. ಎಲ್ಲ ಕೂಡಿಸಿದರೂ ಜೀವಂತ ಕೋಳಿಯ ತೂಕಕ್ಕಿಂತ ಕಡಿಮೆಯೇ ಬಂತು. ಲೆಕ್ಕ ಸರಿಯಿದೆ ಎಂದು ಸಮಾಧಾನವಾಯಿತು. ವರದಿ ಎದುರು ಪಕ್ಷದ ಕೈಸೇರಿತು. ಮಂಗಳವಾರ ಅವರ ವಕೀಲರ ಕಚೇರಿಯಲ್ಲಿ ಮೇಷ್ಟ್ರು ಪ್ರಮಾಣ ಮಾಡಿ ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು.

ಅದರ ಹಿಂದಿನ ಶನಿವಾರ. ನಾನು ಬಾಡಿಗೆಗಿದ್ದದ್ದು ಮಂಡ್ಯ ಕಡೆಯ ಇನ್ನೊಬ್ಬ ಆಂಟಿಯ ಮನೆಯ ಬೇಸ್‌ಮೆಂಟಿನಲ್ಲಿ. ಅವರು ಅಡುಗೆಮನೆಯಲ್ಲಿ ಸಾರಿಗೆ ಕೋಳಿ ಕತ್ತರಿಸುತ್ತಿದ್ದರು. ನಾನು ಮುಖ ಆಚೆ ತಿರುಗಿಸಿಕೊಂಡು ಅದೇ ಮೇಜಿನ ತುದಿಯಲ್ಲಿ ವರದಿಯನ್ನು ಕೊನೆಯ ಸಲ ಓದುತ್ತಿದ್ದೆ. ಅದೇನು ಓದು ಎಂದು ಕೇಳಿದರು. ಪಟ್ಟಿಯನ್ನು ಜೋರಾಗಿ ಓದಿ ಹೇಳಿದೆ.

“ನಿಂತ್ಕೊ, ನಿಂತ್ಕೊ. ಲೆಗ್ ಕ್ವಾರ್ಟರ್ ಬರ್ದಾದ್ಮೇಲೆ ತೊಡೆ ಎಲ್ಲಿಂದ ಬಂತಮ್ಮ?”

“ಅದು ಬೇರೆ ಭಾಗ ಅಲ್ವಾ ಆಂಟಿ?”

ಅವರು ಕತ್ತಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. “ನಿಮ್ ಮೇಷ್ಟ್ರ ಕೋಳಿಗೆ ನಾಲ್ಕು ಕಾಲಾ? ಬಾ ಇಲ್ಲಿ, ಮೂಗು ಮುಚ್ಕೊಂಡಾದ್ರೂ ನೋಡು.”

ನೋಡಿದೆ. ಒಂದು ಇಡೀ ಕಾಲನ್ನು ಎತ್ತಿ ಹಿಡಿದು, ಇದು ಲೆಗ್ ಕ್ವಾರ್ಟರ್ ಎಂದರು. ಕೀಲಿನ ಮೇಲೆ ಕತ್ತಿಯಿಟ್ಟು ಒಂದೇ ಏಟಿಗೆ ಎರಡು ಮಾಡಿದರು. ಮೇಲಿನದು ತೊಡೆ, ಕೆಳಗಿನದು ಡ್ರಮ್‌ಸ್ಟಿಕ್. ಪ್ರತಿ ಕಾಲನ್ನೂ ನಾನು ಎರಡೆರಡು ಸಲ ಮಾರಿದ್ದೆ. ಪುಕ್ಕ, ರಕ್ತ, ಕರುಳು ಎಂದು ಎಷ್ಟು ತೂಕ ಕಸಕ್ಕೆ ಹೋಗುತ್ತದೆಂದು ಗೊತ್ತಿಲ್ಲದ್ದರಿಂದ ಆ ಹೆಚ್ಚುವರಿ ಕಾಲುಗಳು ಲೆಕ್ಕದಲ್ಲಿ ಆರಾಮಾಗಿ ಅಡಗಿ ಕೂತಿದ್ದವು.

ಹೋಟೆಲಿನವರ ಪಾಡು ಮೊದಲು ನೆನಪಾಯಿತು ಎಂದರೆ ಸುಳ್ಳಾಗುತ್ತದೆ. ಮೊದಲು ನೆನಪಾದದ್ದು ನನ್ನ ವೀಸಾ. ಅದು ಈ ಕೆಲಸಕ್ಕೆ ಅಂಟಿಕೊಂಡಿತ್ತು. ಪಟ್ಟಿ ಮಾಡಿದವಳು ನಾನು. ವರದಿ ಬಿದ್ದುಹೋದರೆ ಯಾರನ್ನಾದರೂ ಮನೆಗೆ ಕಳಿಸಲೇಬೇಕು, ಆ ಯಾರಾದರೂ ನಾನೇ.

ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಮೇಷ್ಟ್ರು ಬಂದರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಶೂ ಬಿಚ್ಚಿಟ್ಟು ಸೀದಾ ಅಡುಗೆಮನೆಗೆ ನಡೆದು, ಪುಸ್ತಕ ಪೆನ್ನು ತೆಗೆದು, ವಿದ್ಯಾರ್ಥಿಯಂತೆ ಆಂಟಿಯ ಪಕ್ಕ ನಿಂತರು. ಅರವತ್ತು ದಾಟಿದ ಆ ಮನುಷ್ಯ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಕತ್ತಿಯ ಹತ್ತಿರ ಬಗ್ಗಿದರು.

“ಮೇಷ್ಟ್ರೇ, ದೂರದಿಂದ್ಲೇ ನೋಡಿ, ಸಾಕು.”

“ಇಲ್ಲ ತಾಯಿ, ಆ ಕೀಲಿನ ಹತ್ರ ಇನ್ನೊಂದ್ಸಲ ತೋರ್ಸಿ.”

ಒಂದು ಗಂಟೆ ನಿಂತರು. ಬೆನ್ನು ಎಲ್ಲಿಗೆ ಹೋಗುತ್ತದೆ, ಚರ್ಮದ ತೂಕ ಎಷ್ಟು, ಎಲ್ಲ ಕೇಳಿ ಬರೆದುಕೊಂಡರು. ಆಂಟಿಗೆ ಕೈಮುಗಿದು ಹೋದರು. ಭಾನುವಾರವಿಡೀ ಗರಾಜಿನಲ್ಲಿ ಕೂತು ಹೊಸ ಲೆಕ್ಕ ಮಾಡಿದೆವು. ಮೊತ್ತ ತಗ್ಗಿತು, ಆದರೆ ನೆಟ್ಟಗೆ ನಿಂತಿತು.

ನಮ್ಮ ಪಕ್ಷದ ವಕೀಲೆಗೆ ಇದು ಇಷ್ಟವಾಗಲಿಲ್ಲ. ತಿದ್ದುಪಡಿಯನ್ನು ಆಮೇಲೆ ಬರವಣಿಗೆಯಲ್ಲಿ ಕಳಿಸೋಣ, ಮಂಗಳವಾರ ಅವರಾಗಿಯೇ ಕೇಳಿದರೆ ಮಾತ್ರ ಹೇಳಿ ಎಂದರು. ಮೇಷ್ಟ್ರು ಸಮಾಧಾನದಿಂದ ಕೇಳಿಸಿಕೊಂಡರು. ಒಪ್ಪಿದರೆಂದೇ ನಾನು ತಿಳಿದೆ.

ಮಂಗಳವಾರ, ಪ್ರತಿ ಮಾತನ್ನೂ ದಾಖಲೆಗೆ ಬರೆದುಕೊಳ್ಳುವ ಶೀಘ್ರಲಿಪಿಕಾರರ ಎದುರು ಬಲಗೈ ಎತ್ತಿ ಪ್ರಮಾಣ ಮಾಡಿದವರು, ಮೊದಲ ಪ್ರಶ್ನೆಗೂ ಕಾಯದೆ, “ನನ್ನ ವರದಿಯಲ್ಲಿ ಒಂದು ತಪ್ಪಿದೆ,” ಎಂದರು. ಹೊಸ ಪಟ್ಟಿಯನ್ನು ಮೇಜಿನ ಮೇಲೆ ತಳ್ಳಿದರು. ನಮ್ಮ ವಕೀಲೆ ಕಣ್ಣು ಮುಚ್ಚಿಕೊಂಡರು. ಎದುರು ವಕೀಲನಿಗೆ ಹಬ್ಬ. ಕೋಳಿಗೆ ಎಷ್ಟು ಕಾಲೆಂದೇ ಗೊತ್ತಿಲ್ಲದವರು ಕೋಳಿಯ ಬೆಲೆ ಹೇಗೆ ಹೇಳುತ್ತೀರಿ ಎಂದು ಕುಟುಕಿದ.

“ಶನಿವಾರದವರೆಗೆ ಗೊತ್ತಿರಲಿಲ್ಲ. ನನಗೆ ಗೊತ್ತಿರುವ ಒಬ್ಬ ಹೆಂಗಸು ತಮ್ಮ ಅಡುಗೆಮನೆಯಲ್ಲಿ ಕಲಿಸಿದರು.”

“ಇನ್ನೂ ಏನೇನು ಗೊತ್ತಿಲ್ಲ ನಿಮಗೆ?”

“ಗೊತ್ತಾದ ದಿನ ಹೀಗೇ ಬಂದು ನಿಮಗೇ ಮೊದಲು ಹೇಳುತ್ತೇನೆ.”

ನನ್ನ ಜೀವನದಲ್ಲಿ ನಾನು ಕಂಡ ಧೈರ್ಯವಂತರಲ್ಲಿ ಹೆಚ್ಚಿನವರು ಗಂಟಲು ಏರಿಸುವವರು. ಇವರು ನೀರು ಕೇಳುವ ದನಿಯಲ್ಲಿ ಇದನ್ನು ಹೇಳಿದರು. ಕೇಸಿನ ಕತೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ: ಮುಂದಿನ ವರ್ಷ, ತಿದ್ದಿದ ನಮ್ಮ ವರದಿಯನ್ನು ನ್ಯಾಯಾಧೀಶರು ಉಳಿಸಿಕೊಂಡರು. ತಪ್ಪು ಒಪ್ಪದೆಯೇ ಕಂಪನಿಗಳು ರಾಜಿಗೆ ಬಂದವು. ಹೋಟೆಲಿನವರಿಗೆ ತಮ್ಮ ತಮ್ಮ ಪಾಲು ಬಂತು.

ಆದರೆ ಆ ಮಂಗಳವಾರ ಆ ಕೋಣೆಯಲ್ಲಿ ನನಗೆ ಇನ್ನೂ ಒಂದು ಪ್ರಶ್ನೆ ಬಾಕಿಯಿತ್ತು. ಗೋಡೆಯ ಬದಿಯ ಕುರ್ಚಿಯಲ್ಲಿ ಕೂತು ಬೆಳಗಿನಿಂದ ಅದನ್ನೇ ಕಾಯುತ್ತಿದ್ದೆ. ಊಟದ ಹೊತ್ತಿಗೆ ಬಂತು. ಆ ಹಳೆಯ ಪಟ್ಟಿ ಮಾಡಿದವರು ಯಾರು ಎಂದು ಎದುರು ವಕೀಲ ಕೇಳಿದ.

“ಅಲ್ಲಿ ಕೂತಿರುವ ನನ್ನ ಸಹಾಯಕಿ,” ಎಂದರು ಮೇಷ್ಟ್ರು. ಮುಗಿಯಿತು ಎಂದುಕೊಂಡೆ. ಅವರು ಮುಂದುವರಿಸಿದರು: “ಕಾಲು, ತೊಡೆ ಎರಡೂ ಒಂದೇ ಇರಬಹುದೇ ಎಂದು ಆಕೆ ಅವತ್ತೇ ಅನುಮಾನಪಟ್ಟು ಕೇಳಿದ್ದಳು. ಬೇರೆ ಬೇರೆ, ಹಾಗೇ ಬರಿ ಎಂದವನು ನಾನು. ಇದನ್ನು ದಯವಿಟ್ಟು ಸರಿಯಾಗಿ ಬರೆದುಕೊಳ್ಳಿ.”

ಕೇಳಿದ್ದು ನಿಜ. ಹೆಸರು ಬೇರೆಯಿದ್ದರೆ ವಸ್ತುವೂ ಬೇರೆಯೇ ಎಂದು ಗರಾಜಿನಲ್ಲಿ ಅವರು ಪಾಠ ಹೇಳಿದ್ದರು, ನಾನು ತಲೆಯಾಡಿಸಿದ್ದೆ. ಇಂಥದು ಗೊತ್ತಿಲ್ಲದಿರಲು ನಮ್ಮಂಥ ಇಬ್ಬರು ಬೇಕು. ಗೊತ್ತಾದ ಮೇಲೂ ಮೇಷ್ಟ್ರ ಮುಂದೆ ‘ನಾನು ಅವತ್ತೇ ಕೇಳಿದ್ದೆ’ ಎಂದು ಬಾಯಿಬಿಡದಿರಲು ನನ್ನಂಥವಳೇ ಬೇಕು. ಶನಿವಾರದಿಂದ ನುಂಗಿಕೊಂಡಿದ್ದೆ. ಅವರು ಮರೆತಿದ್ದಾರೆ ಎಂದುಕೊಂಡು ಒಳಗೊಳಗೇ ಅವರನ್ನು ಬೈದೂ ಇದ್ದೆ. ಅವರು ಮರೆತಿರಲಿಲ್ಲ. ಅಡುಗೆಮನೆಯಲ್ಲಿ, ಗರಾಜಿನಲ್ಲಿ ನನಗೊಬ್ಬಳಿಗೇ ಹೇಳಿ ಮುಗಿಸಬಹುದಿತ್ತು. ಒಂದೊಂದು ಮಾತನ್ನೂ ದಾಖಲೆಗೆ ಇಳಿಸುವವರು ಎದುರಿಗೆ ಕೂರುವವರೆಗೆ ಕಾದಿದ್ದರು.